ಹೆಸರಿನಿಂದ ಶುರು ಮಾಡು, ಮಗಳೇ

ಮೊನ್ನೆ ರಾತ್ರಿ ಅಳಿಯಂದಿರನ್ನು ವಿಮಾನ ಹತ್ತಿಸಿ ಬಂದವಳೇ ನನಗೆ ಫೋನ್ ಮಾಡಿದೆ. "ದೊಡ್ಡಪ್ಪ, ಅವರು ಅಲ್ಲಿಂದ ಅರ್ಜಿ ಹಾಕ್ತಾರಂತೆ. ನಾನು ಇಲ್ಲಿ ಏನೇನು ಕಾಗದ ಜೋಡಿಸ್ಲಿ?" ಅಂದೆ. ದನಿಯಲ್ಲಿ ಅಳು ಇತ್ತು, ನನಗೆ ಗೊತ್ತಾಯಿತು. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆದಿದ್ದೇನೆ. ಎರಡು ಸಲ ಓದು.

ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದವನು ನಾನು. ಅದರಲ್ಲಿ ಹೆಚ್ಚಿನ ಕಾಲ ಜನನ-ಮರಣ ರಿಜಿಸ್ಟರುಗಳ ಮುಂದೆಯೇ ಕಳೆಯಿತು. ಹಾಗಿದ್ದೂ ನನ್ನ ಮಗಳನ್ನು, ನಿಮ್ಮಕ್ಕನನ್ನು, ಅಮೆರಿಕಕ್ಕೆ ಕಳಿಸುವಾಗ ಎಂಟು ತಿಂಗಳು ಕಳೆದುಕೊಂಡೆವು. ಕಾರಣ ಒಂದೇ. ಅವಳ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿತ್ತು, ಅಮ್ಮನ ಹೆಸರಿತ್ತು, ಲಿಂಗ ಹೆಣ್ಣು ಅಂತ ಇತ್ತು, ಮಗುವಿನ ಹೆಸರಿನ ಕಾಲಂ ಖಾಲಿ ಇತ್ತು. ಹೆರಿಗೆಯಾದ ಕೂಡಲೇ ದಾಖಲಾಗಿತ್ತು, ನಾಮಕರಣ ಮೂರನೇ ತಿಂಗಳಲ್ಲಿ ನಡೆದಿತ್ತು. ನಡುವೆ ಯಾರೂ ಹೋಗಿ ಹೆಸರು ಬರೆಸಲಿಲ್ಲ. ಗಂಡ ಅಲ್ಲಿ, ಹೆಂಡತಿ ಇಲ್ಲಿ, ಒಂದು ಖಾಲಿ ಕಾಲಮ್ಮಿಗಾಗಿ ಎಂಟು ತಿಂಗಳು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ನಿನಗೆ ಹಾಗಾಗಬಾರದು.

ಮೊದಲು ದಾರಿ ತಿಳಿದುಕೋ. ನಿನ್ನ ಗಂಡ ಗ್ರೀನ್ ಕಾರ್ಡ್ ಇರುವವರು, ಇನ್ನೂ ಭಾರತದ ಪ್ರಜೆಯೇ. ಅವರು ನಿನ್ನ ಪರವಾಗಿ ಅಲ್ಲಿನ ವಲಸೆ ಇಲಾಖೆಗೆ ಐ-130 ಎಂಬ ಅರ್ಜಿ ಹಾಕುತ್ತಾರೆ. ಜೊತೆಗೆ ಐ-130ಎ ಅಂತ ಇನ್ನೊಂದು ನಮೂನೆ ಇದೆ. ಅದರಲ್ಲಿ ಕೇಳುವುದು ನಿನ್ನ ಐದು ವರ್ಷದ ವಿಳಾಸಗಳು, ಐದು ವರ್ಷದ ಕೆಲಸಗಳು. ಹಾಸ್ಟೆಲ್ಲು, ಪಿ.ಜಿ., ದುಬೈನ ಕೋಣೆ, ಎಲ್ಲವನ್ನೂ ತಿಂಗಳ ಸಮೇತ ಈಗಲೇ ಒಂದು ಹಾಳೆಯಲ್ಲಿ ಬರೆದಿಡು. ಅರ್ಜಿ ಆ ಇಲಾಖೆಯ ಕೈ ಸೇರಿದ ದಿನವೇ ನಿನ್ನ ಸರದಿಯ ದಿನಾಂಕ. ಗ್ರೀನ್ ಕಾರ್ಡ್ ಇರುವವರ ಹೆಂಡತಿಗೆ ವರ್ಷಕ್ಕಿಷ್ಟೇ ವೀಸಾ ಎಂಬ ಮಿತಿ ಇರುವುದರಿಂದ ಸಾಲಿನಲ್ಲಿ ಕಾಯಬೇಕು. ಸಾಲು ಎಲ್ಲಿಗೆ ಬಂತು ಅಂತ ಅವರ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ವೀಸಾ ಬುಲೆಟಿನ್‌ನಲ್ಲಿ ಪ್ರಕಟಿಸುತ್ತದೆ. ನಿನ್ನದು ಎಫ್2ಎ ಎಂಬ ಗುಂಪು. ಈ ನಡುವೆ ಅಳಿಯಂದಿರಿಗೆ ಅಮೆರಿಕದ ಪೌರತ್ವ ಸಿಕ್ಕಿತು ಅನ್ನು, ನಿನಗೆ ಆ ಸಾಲೇ ಇಲ್ಲ. ಆದರೆ ಪೌರತ್ವದ ಪತ್ರದ ಪ್ರತಿ ಕಳಿಸಿ ತಿಳಿಸಬೇಕು.

ಅರ್ಜಿ ಒಪ್ಪಿಗೆಯಾದ ಮೇಲೆ ಕಡತ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಎಲ್ಲರೂ ಎನ್‌ವಿಸಿ ಅನ್ನುವುದು ಇದನ್ನೇ. ಅಲ್ಲಿ ವೀಸಾ ಅರ್ಜಿಗೆ 325 ಡಾಲರ್, ಪೋಷಣೆಯ ಹೊಣೆಪತ್ರಕ್ಕೆ 120 ಡಾಲರ್ ಕಟ್ಟಿ, ಡಿಎಸ್-260 ತುಂಬಿ, ಎಲ್ಲ ದಾಖಲೆಗಳನ್ನೂ ಸ್ಕ್ಯಾನ್ ಮಾಡಿ ಏರಿಸಬೇಕು. ಅವರಿಗೆ ಎಲ್ಲ ಸರಿ ಕಂಡ ಮೇಲೆ ಮುಂಬೈ ದೂತಾವಾಸದಲ್ಲಿ ಸಂದರ್ಶನ. ಪಕ್ಕದ ಬೀದಿಯ ಹುಡುಗಿ ಎಚ್-4 ವೀಸಾದಲ್ಲಿ ಬೇಗ ಹೋದಳು ಅಂತ ನಿಮ್ಮಮ್ಮ ಹೇಳುತ್ತಿದ್ದಳು. ಅದು ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡು ಸಿಗುವ ತಾತ್ಕಾಲಿಕ ವೀಸಾ. ನಿನ್ನದು ಅಲ್ಲೇ ನೆಲೆಸುವವರದು. ಅವಳ ಕಾಗದಗಳ ಪಟ್ಟಿ ನೋಡಿ ನೀನು ಹೊರಡಬೇಡ.

ಈಗ ಹೆಸರಿನ ವಿಷಯ. ನಿನ್ನ ಇಡೀ ಕಡತದಲ್ಲಿ ತೊಡಕಿರುವುದು ಇಲ್ಲೇ. ನಮ್ಮ ಕಡೆಯವರಿಗೆ ಮನೆತನದ ಹೆಸರು ಅಂತ ಒಂದಿಲ್ಲ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ನಿನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು, ಹಾಗಾಗಿ ಅಲ್ಲಿ ಅಪ್ಪನ ಹೆಸರೇ ನಿನ್ನ ಸರ್‌ನೇಮ್. ಆಧಾರ್‌ನಲ್ಲಿ ಬರೀ ನಿನ್ನ ಹೆಸರು. ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು ಮುದ್ರಿಸಿದ್ದಾರೆ. ನಮಗೆ ಇವೆಲ್ಲ ಒಬ್ಬಳೇ ಹುಡುಗಿ ಅಂತ ಗೊತ್ತು. ಸಾವಿರಾರು ಮೈಲಿ ದೂರದಲ್ಲಿ ಕಂಪ್ಯೂಟರಿನ ಮುಂದೆ ಕೂತವರಿಗೆ ನಾಲ್ಕು ಜನ ಕಾಣಿಸುತ್ತಾರೆ.

ಒಂದು ಸಣ್ಣ ಹುಷಾರಿ ಹೇಳುತ್ತೇನೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಮೆರಿಕದವರು ಇರುವ ಹೆಸರನ್ನೆಲ್ಲ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್ಎನ್‌ಯು ಅಂತ ಮೂರಕ್ಷರ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಅಲ್ಲಿನ ಬ್ಯಾಂಕು, ಡ್ರೈವಿಂಗ್ ಲೈಸೆನ್ಸು ಎಲ್ಲ ಕಡೆಯೂ ಆ ಮೂರಕ್ಷರ ಹಿಂದೆ ಬರುತ್ತದೆ. ನಿನ್ನದರಲ್ಲಿ ಸರ್‌ನೇಮ್ ಇದೆ, ನಿನ್ನ ನಾದಿನಿಯದರಲ್ಲಿ ಇಲ್ಲವಂತೆ, ಅವಳಿಗೂ ಈ ಮಾತು ಹೇಳು. ಇನ್ನು ನೀನು ಗಂಡನ ಹೆಸರನ್ನು ಸೇರಿಸಿಕೊಳ್ಳಲು ಈಗ ಹೊರಡಬೇಡ. ಮದುವೆಯಾದ ಮಾತ್ರಕ್ಕೆ ಹೆಸರು ಬದಲಿಸಬೇಕೆಂಬ ಕಾನೂನಿಲ್ಲ. ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಕೆಲವು ಮನೆತನಗಳಲ್ಲಿ ಧಾರೆಯ ದಿನವೇ ಅಕ್ಕಿಯ ಮೇಲೆ ಸೊಸೆಯ ಹೊಸ ಹೆಸರು ಬರೆಯುವ ಪದ್ಧತಿ ಇದೆ. ಅದು ಮನೆಯೊಳಗಿನ ಶಾಸ್ತ್ರವಾಗಿಯೇ ಇರಲಿ. ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರನ್ನೇ ಅಳತೆಗೋಲು ಮಾಡಿಕೋ, ಮಿಕ್ಕ ಕಾಗದಗಳನ್ನು ಅದಕ್ಕೆ ಹೊಂದಿಸು. ಹೊಂದಿಸಲಾಗದ ಕಡೆ "ಈ ಎರಡೂ ಹೆಸರು ಒಬ್ಬಳದೇ" ಎಂದು ಇ-ಸ್ಟ್ಯಾಂಪ್ ಕಾಗದದಲ್ಲಿ ನೋಟರಿ ಮುಂದೆ ಅಫಿಡವಿಟ್ ಮಾಡಿಸು.

ಜನನ ಪ್ರಮಾಣಪತ್ರಕ್ಕೆ ಎಲ್ಲಿಗೆ ಹೋಗಬೇಕು ಗೊತ್ತೇ? ನಿಮ್ಮಪ್ಪ ನಿನ್ನೆ ತಿಪಟೂರಿಗೆ ಹೋಗಿ "ಸಿಗಲಿಲ್ಲ" ಅಂತ ಬಂದನಂತೆ. ಹೇಗೆ ಸಿಗುತ್ತದೆ? ನೀನು ಚೊಚ್ಚಲ ಮಗು. ಚೊಚ್ಚಲ ಹೆರಿಗೆ ತವರಲ್ಲಿ. ಹುಟ್ಟು ದಾಖಲಾಗುವುದು ಹುಟ್ಟಿದ ಜಾಗದಲ್ಲಿ, ಅಪ್ಪನ ಊರಿನಲ್ಲಿ ಅಲ್ಲ. ನಿನ್ನ ದಾಖಲೆ ಇರುವುದು ನಿಮ್ಮಮ್ಮನ ತವರಾದ ಅರಸೀಕೆರೆಯಲ್ಲಿ. ನಾನು ಕೆಲಸದಲ್ಲಿದ್ದಾಗ ಹೀಗೆ ಗಂಡನ ತಾಲ್ಲೂಕಿನಲ್ಲಿ ಹುಡುಕಿ ಬರಿಗೈಯಲ್ಲಿ ಹೋದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಪೇಟೆಯೊಳಗಿನ ಹೆರಿಗೆಯಾದರೆ ನಗರಸಭೆಯ ರಿಜಿಸ್ಟರು. ಹಳ್ಳಿಯ ಮನೆಯಲ್ಲಾದರೆ ಆಗಿನ ಗ್ರಾಮ ಲೆಕ್ಕಿಗರು ಬರೆದದ್ದು, ಆ ಹಳೆಯ ಪುಸ್ತಕಗಳು ತಾಲ್ಲೂಕು ಕಚೇರಿ ಸೇರಿರುತ್ತವೆ. ಹೋಗುವಾಗ ಹುಟ್ಟಿದ ದಿನಾಂಕ, ಅಪ್ಪ-ಅಮ್ಮನ ಹೆಸರು ಸಾಲದು, ಆಸ್ಪತ್ರೆಯ ಹೆಸರೂ ಬೇಕು. ಇನ್ನೊಂದು ವಿಷಯ. ನಿನ್ನ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಸ್ಥಳ ಅಂತ ಅಪ್ಪನ ಊರು ಹಾಕಿದ್ದಾರೋ, ಅರಸೀಕೆರೆ ಹಾಕಿದ್ದಾರೋ ಇವತ್ತೇ ತೆರೆದು ನೋಡು. ತಪ್ಪಿದ್ದರೆ ಜನನ ಪತ್ರ ಕೈಗೆ ಬಂದ ಮೇಲೆ ಪಾಸ್‌ಪೋರ್ಟನ್ನು ತಿದ್ದಿಸಬೇಕು.

ಹಳೆಯ ಕೈಬರಹದ ಪ್ರತಿ ಮನೆಯಲ್ಲಿದ್ದರೂ ಈಗಿನ ಕಂಪ್ಯೂಟರ್ ಪ್ರತಿ ತೆಗೆಸು. ಅದರಲ್ಲಿ ಕನ್ನಡವೂ ಇಂಗ್ಲಿಷೂ ಇರುತ್ತದೆ, ಅನುವಾದದ ಕಷ್ಟ ತಪ್ಪುತ್ತದೆ. ಬರೀ ಕನ್ನಡದಲ್ಲಿರುವ ಬೇರೆ ಕಾಗದಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ, "ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ" ಎಂದು ಅನುವಾದಕರಿಂದ ಬರೆಸಿ ಸಹಿ ಹಾಕಿಸು. ರಿಜಿಸ್ಟರಿನಲ್ಲಿ ದಾಖಲೆಯೇ ಇಲ್ಲವಾದರೆ ಗಾಬರಿಯಾಗಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆ ನಮ್ಮಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಆಮೇಲೆ ಹುಟ್ಟಿದವರಿಂದ ಜನನ ಪತ್ರವನ್ನೇ ಮೊದಲು ಕೇಳುತ್ತಾರೆ, ನಿಜ. ಆದರೆ ದಾಖಲೆ ಇಲ್ಲ ಎಂದು ನೋಂದಣಾಧಿಕಾರಿಗಳೇ ಕೊಡುವ ನಮೂನೆ 10ರ ಪತ್ರವಿದೆ. ಅದರ ಜೊತೆಗೆ ಶಾಲೆಯ ಟಿ.ಸಿ., ಅಂಕಪಟ್ಟಿ, ನಿನ್ನ ಹುಟ್ಟನ್ನು ಕಣ್ಣಾರೆ ಬಲ್ಲ ಅಮ್ಮನ ಅಫಿಡವಿಟ್ ಇಟ್ಟು ಕೊಡುವ ದಾರಿ ಇದೆ. ಒಂದು ವರ್ಷ ಮೀರಿದ ಹುಟ್ಟನ್ನು ಈಗ ಹೊಸದಾಗಿ ದಾಖಲಿಸಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಇದನ್ನೇ ಮೊದಲು ಹಿಡಿ ಅನ್ನುತ್ತಿರುವುದು ಅದಕ್ಕೆ.

ಮದುವೆ ನೋಂದಣಿ ಆಗಲೇ ಮಾಡಿಸಿದ್ದು ಒಳ್ಳೆಯದಾಯಿತು. ಅಳಿಯಂದಿರು ಊರಿನಲ್ಲಿದ್ದಾಗಲೇ ಆಗಬೇಕಿದ್ದ ಕೆಲಸ ಅದು. ಚೌಲ್ಟ್ರಿಯ ರಸೀದಿ, ಪುರೋಹಿತರು ಬರೆದುಕೊಟ್ಟ ಚೀಟಿ ಯಾವುದೂ ಉಪನೋಂದಣಾಧಿಕಾರಿಗಳ ಪತ್ರಕ್ಕೆ ಸಮವಲ್ಲ. ಒಂದು ಸಲ ಆ ಪತ್ರದಲ್ಲಿರುವ ನಿಮ್ಮಿಬ್ಬರ ಹೆಸರನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಓದು.

ಪೊಲೀಸ್ ಪತ್ರ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಿಗುತ್ತದೆ, ಪಿಸಿಸಿ ಅನ್ನುತ್ತಾರೆ. ಇದನ್ನು ಮಾತ್ರ ಬೇಗ ಮಾಡಿಸಬೇಡ. ಅದಕ್ಕೆ ಅವಧಿ ಇದೆ, ಸಾಲು ನಿಧಾನವಾದರೆ ಮತ್ತೆ ಮಾಡಿಸಬೇಕಾಗುತ್ತದೆ. ಎನ್‌ವಿಸಿಯಿಂದ ಪತ್ರ ಬಂದ ಮೇಲೆ ಸಾಕು. ಆದರೆ ನೀನು ಎರಡು ವರ್ಷ ದುಬೈನಲ್ಲಿ ಇದ್ದವಳು. ಹದಿನಾರು ತುಂಬಿದ ಮೇಲೆ ಬೇರೆ ದೇಶದಲ್ಲಿ ಹನ್ನೆರಡು ತಿಂಗಳು ಅಥವಾ ಹೆಚ್ಚು ವಾಸವಿದ್ದರೆ ಅಲ್ಲಿನ ಪೊಲೀಸರ ಪತ್ರವೂ ಬೇಕು. ಅಲ್ಲಿನ ಹಳೆಯ ವೀಸಾ ಪುಟ, ಗುರುತಿನ ಕಾರ್ಡಿನ ಪ್ರತಿ ನಿನ್ನ ಹತ್ತಿರ ಇದ್ದರೆ ಹುಡುಕಿಡು.

ಮದುವೆ ನಿಜವಾದದ್ದು ಅಂತ ತೋರಿಸಬೇಕು ಎಂದಾಗ ನಿನಗೆ ಸಿಟ್ಟು ಬಂತು. "ನಾವು ಏನು ನಾಟಕ ಮಾಡಿದೀವಾ ದೊಡ್ಡಪ್ಪ?" ಅಂದೆ. ಇಲ್ಲ ಕಂದಾ. ಆದರೆ ಹೆಣ್ಣು ನೋಡಿದ್ದು ಒಂದು ಭಾನುವಾರ, ನಿಶ್ಚಿತಾರ್ಥ ಮೂರು ವಾರಕ್ಕೆ, ಮದುವೆ ಎರಡು ತಿಂಗಳಿಗೆ. ನಮ್ಮ ಪದ್ಧತಿ ಗೊತ್ತಿಲ್ಲದವರಿಗೆ ಇದು ಬೇಗ ಅನಿಸುತ್ತದೆ. ನಿಮ್ಮ ಪರಿಚಯ ಹೇಗೆ ಬೆಳೆಯಿತು ಅನ್ನುವುದಕ್ಕೆ ಸಾಕ್ಷಿ ಜೋಡಿಸು. ಲಗ್ನಪತ್ರಿಕೆ, ನಿಶ್ಚಿತಾರ್ಥದ ಫೋಟೊ, ಧಾರೆಯಲ್ಲಿ ಎರಡೂ ಕಡೆಯ ಹಿರಿಯರು ಇರುವ ಫೋಟೊ, ಅಳಿಯಂದಿರು ಬಂದುಹೋದ ವಿಮಾನದ ಟಿಕೆಟ್ಟು, ಧರ್ಮಸ್ಥಳಕ್ಕೆ ಹೋದಾಗ ಉಳಿದ ಕೋಣೆಯ ರಸೀದಿ, ಅವರು ನಿನ್ನ ಖಾತೆಗೆ ಹಾಕಿದ ಹಣದ ವಿವರ, ವಿಮೆಯಲ್ಲಿ ನಿನ್ನನ್ನು ನಾಮಿನಿ ಮಾಡಿದ ಕಾಗದ. ಇಡೀ ಆಲ್ಬಂ ಬೇಡ, ಇಪ್ಪತ್ತು ಫೋಟೊ ಸಾಕು. ಪ್ರತಿಯೊಂದರ ಹಿಂದೆ ದಿನಾಂಕ, ಊರು, ಯಾರ್ಯಾರಿದ್ದಾರೆ ಅಂತ ಬರೆ. ದಿನವೂ ಮಾತಾಡುವ ಕರೆಗಳ ಪಟ್ಟಿಯನ್ನು ಅಳಿಸದೆ ಉಳಿಸಿಕೋ. ಇದು ಒಂದು ದಿನ ಕೂತು ಮಾಡುವ ಕೆಲಸವಲ್ಲ, ವೀಸಾ ಬರುವವರೆಗೂ ತಿಂಗಳಿಗಿಷ್ಟು ಸೇರಿಸುತ್ತಾ ಹೋಗು. ನೀನು ಅಲ್ಲಿ ಕಾಲಿಡುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಮೊದಲು ಎರಡೇ ವರ್ಷದ ಷರತ್ತಿನ ಗ್ರೀನ್ ಕಾರ್ಡ್ ಕೊಡುತ್ತಾರೆ. ಅದು ಮುಗಿಯುವ ಮುಂಚಿನ ತೊಂಬತ್ತು ದಿನದೊಳಗೆ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಬೇಕು. ಆಗಲೂ ಇವೇ ಕಾಗದ ಕೇಳುತ್ತಾರೆ.

ಏಜೆಂಟ್ ಒಬ್ಬ "ಬ್ಯಾಕ್‌ಡೇಟ್ ಹಾಕಿ ಕೊಡಿಸ್ತೀನಿ" ಅಂದನಂತೆ. ಅವನ ಹತ್ತಿರ ಹೋಗಲೇಬೇಡ. ಕಾಗದ ಇಲ್ಲದಿದ್ದರೆ ತಡವಾಗುತ್ತದೆ, ಅಷ್ಟೇ. ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದರೆ ಆ ದೇಶದ ಬಾಗಿಲು ಜೀವಮಾನಕ್ಕೆ ಮುಚ್ಚಿಕೊಳ್ಳಬಹುದು, ಅವರ ಕಾನೂನು ಅಷ್ಟು ಕಟ್ಟುನಿಟ್ಟು. ಹುಟ್ಟಿದ ದಿನಾಂಕ ಶಾಲೆಯಲ್ಲಿ ಒಂದು, ರಿಜಿಸ್ಟರಿನಲ್ಲಿ ಇನ್ನೊಂದು ಇದ್ದರೂ ಇದ್ದದ್ದನ್ನು ಇದ್ದ ಹಾಗೆ ಹೇಳು. ಹೆಡ್‌ಮಾಸ್ಟರರು ಮಕ್ಕಳನ್ನು ಸೇರಿಸಿಕೊಳ್ಳುವಾಗ ಜೂನ್ 1 ಅಂತ ಬರೆದುಬಿಡುತ್ತಿದ್ದ ಕಾಲವೊಂದಿತ್ತು. ಅದನ್ನು ವಿವರಿಸಿ ಅಫಿಡವಿಟ್ ಕೊಡುವುದು ನಾಚಿಕೆಯ ವಿಷಯವಲ್ಲ.

ನಿಮ್ಮಪ್ಪ ತೋಟದ ಪಹಣಿ, ಬ್ಯಾಂಕಿನ ಎಫ್.ಡಿ. ಎಲ್ಲ ತೆಗೆಸುತ್ತಿದ್ದಾನೆ. ನಿಲ್ಲಿಸಲು ಹೇಳು. ನಿನ್ನನ್ನು ಸಾಕುವ ಹೊಣೆ ಅಳಿಯಂದಿರ ಆದಾಯದ ಮೇಲೆ ನಿಂತಿದೆ. ಅವರು ಐ-864 ಎಂಬ ಹೊಣೆಪತ್ರಕ್ಕೆ ಸಹಿ ಹಾಕಿ, ಅಲ್ಲಿನ ತೆರಿಗೆ ಇಲಾಖೆಯ ದಾಖಲೆ, ಸಂಬಳದ ಚೀಟಿ ಕೊಡಬೇಕು. ಅಲ್ಲಿನ ಸರ್ಕಾರ ಪ್ರತಿವರ್ಷ ಪ್ರಕಟಿಸುವ ಬಡತನದ ಮಟ್ಟಕ್ಕಿಂತ ಶೇ. 25ರಷ್ಟಾದರೂ ಹೆಚ್ಚು ಆದಾಯ ಇರಬೇಕು, ಕಡಿಮೆಯಾದರೆ ಅಲ್ಲಿನವರೊಬ್ಬರು ಜೊತೆ ಹೊಣೆಗೆ ನಿಲ್ಲಬಹುದು.

ವೈದ್ಯಕೀಯ ತಪಾಸಣೆ ದೂತಾವಾಸ ಗೊತ್ತುಮಾಡಿದ ವೈದ್ಯರಲ್ಲಿ ಮಾತ್ರ. ಚಿಕ್ಕಂದಿನ ಲಸಿಕೆ ಕಾರ್ಡ್ ಸಿಕ್ಕರೆ ಒಂದಷ್ಟು ಸೂಜಿ ಉಳಿಯುತ್ತದೆ. ಅಮ್ಮನ ಟ್ರಂಕಿನಲ್ಲಿ ನೋಡು.

ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸಬೇಡ. ಸಂದರ್ಶನಕ್ಕೆ ಮೂಲ ಪ್ರತಿಗಳನ್ನೇ ಒಯ್ಯಬೇಕು. ಆ ಮೂಲ ಪ್ರತಿಗಳು ಅತ್ತೆಯ ಮನೆಯ ಬೀರುವಿನಲ್ಲೂ ಬೇಡ, ಏಜೆಂಟರ ಕೈಯಲ್ಲೂ ಬೇಡ, ನಿನ್ನ ಹತ್ತಿರವೇ ಇರಲಿ. ಯಾರ ಮೇಲಿನ ಅಪನಂಬಿಕೆಯಿಂದಲೂ ಹೇಳುತ್ತಿಲ್ಲ. ನಿನ್ನ ಹೆಸರಿನ ಕಾಗದಕ್ಕೆ ನೀನೇ ಒಡತಿ.

ಸೋಮವಾರ ಹತ್ತು ಗಂಟೆಗೆ ಕಚೇರಿ ತೆರೆಯುತ್ತದೆ. ಬೆಳಗಿನ ರೈಲಿಗೆ ಅರಸೀಕೆರೆಗೆ ಬಾ, ನಾನು ಸ್ಟೇಷನ್ನಿನಲ್ಲಿ ಇರುತ್ತೇನೆ. ಅಮ್ಮನನ್ನು ತಪ್ಪದೆ ಕರೆದುಕೊಂಡು ಬಾ. ನೀನು ಯಾವ ಆಸ್ಪತ್ರೆಯಲ್ಲಿ ಹುಟ್ಟಿದೆ ಅನ್ನುವುದು ಅವಳಿಗೆ ಮಾತ್ರ ಗೊತ್ತು.