ತಣ್ಣೀರು ಟ್ಯಾಂಕಿಗೆ ಬೀಳುವ ಮೊದಲು

ತಮ್ಮಾ, ಸೂರತ್‌ನ ಪಾಂಡೇಸರಾದಲ್ಲಿ ಕೆಲಸ ಸಿಕ್ಕಿತೆಂದು ಕೇಳಿ ಮನಸ್ಸು ತುಂಬಿತು. ದಾವಣಗೆರೆಯ ಹುಡುಗ ನೀನು, ಗಿರಣಿ ನಿನಗೆ ಹೊಸದಲ್ಲ. ಬಣ್ಣ ಹಾಕುವ ಮನೆ ಮಾತ್ರ ಬೇರೆಯೇ ಲೋಕ. ಅಲ್ಲಿ ಬಟ್ಟೆಯನ್ನು ಉಳಿಸುವುದೂ ಕೆಡಿಸುವುದೂ ಬಿಸಿನೀರು.

ವಡೋದರಾದಲ್ಲಿ ನನ್ನ ಮೊದಲ ಚಳಿಗಾಲ. ಸ್ಟೀಮ್ ಸುರುಳಿ ಹಾಕಿದ ಮಿಕ್ಸಿಂಗ್ ಟ್ಯಾಂಕು. ಹತ್ತಿಗೆ ಬಣ್ಣ ಹಿಡಿಯಲು 60 ಡಿಗ್ರಿ ಕದಲದೆ ನಿಲ್ಲಬೇಕು. ನಸುಕಿನಲ್ಲಿ ಯಾರೋ ತಣ್ಣೀರಿನ ವಾಲ್ವ್ ಪೂರ್ತಿ ತೆರೆದರು. ಕಂಟ್ರೋಲರ್‌ಗೆ ಅದು ತಿಳಿದದ್ದು ಟ್ಯಾಂಕು ತಣ್ಣಗಾದ ಮೇಲೆ. ಆಗ ಸ್ಟೀಮ್ ಸುರಿಯತೊಡಗಿತು. ಅಷ್ಟರಲ್ಲಿ ತಣ್ಣೀರಿನ ಹರಿವು ಕಡಿಮೆಯಾಗಿತ್ತು, ಕಾವು ಮಿತಿಮೀರಿತು. ಆ ಪಾಳಿಯ ಬಟ್ಟೆಯೆಲ್ಲ ಒಂದೊಂದು ಛಾಯೆ. ಮೂರು ದಿನ ನಾನು ಕಂಟ್ರೋಲರ್‌ನ ಗೇನ್ ತಿರುವುತ್ತ ಕೂತೆ. ತಪ್ಪು ಅಲ್ಲಿರಲಿಲ್ಲ. ಕೆಟ್ಟದ್ದನ್ನು ಕಂಡು ತಿದ್ದುವುದಷ್ಟೇ ಫೀಡ್‌ಬ್ಯಾಕಿಗೆ ಗೊತ್ತು. ಬರಲಿರುವುದು ಅದಕ್ಕೆ ಕಾಣುವುದಿಲ್ಲ.

ನಮ್ಮ ಅಜ್ಜಿಗೆ ಕಾಣುತ್ತಿತ್ತು. ಬಚ್ಚಲ ಹಂಡೆಗೆ ಇನ್ನೆರಡು ಕೊಡ ಸುರಿಯುವ ಮೊದಲೇ ಒಲೆಯೊಳಗೆ ಸೌದೆ ಮುಂದೊತ್ತುತ್ತಿದ್ದಳು. ಫೀಡ್‌ಫಾರ್ವರ್ಡ್ ಎಂದರೆ ಅದೇ. ಒಳಬರುವ ನೀರಿನ ಹರಿವನ್ನೂ ಉಷ್ಣತೆಯನ್ನೂ ಪೈಪಿನಲ್ಲೇ ಅಳೆದು, ಅದಕ್ಕೆ ತಕ್ಕ ಸ್ಟೀಮನ್ನು ಆಗಲೇ ಬಿಡುವುದು. ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ನೀನೇ ಮಾಡಿ ನೋಡು. ನಿಮಿಷಕ್ಕೆ 100 ಲೀಟರ್ ನೀರು ಬೇಸಿಗೆಯಲ್ಲಿ 30 ಡಿಗ್ರಿಯಲ್ಲಿ ಬಂದರೆ 60ಕ್ಕೆ ಏರಿಸಲು ಸುಮಾರು 209 ಕಿಲೋವ್ಯಾಟ್. ಚಳಿಗಾಲದಲ್ಲಿ 20ರಲ್ಲಿ ಬಂದರೆ 279. ಮೂರು ಬಾರ್ ಒತ್ತಡದ ಸ್ಟೀಮಾದರೆ, ಗಂಟೆಗೆ 350 ಕಿಲೋ ಸಾಕಾಗುತ್ತಿದ್ದಲ್ಲಿ 470 ಬೇಕು. ಹತ್ತೇ ಡಿಗ್ರಿಗೆ ಮೂರನೇ ಒಂದು ಪಾಲು ಹೆಚ್ಚು!

ಹಾಗೆಂದು ಫೀಡ್‌ಬ್ಯಾಕನ್ನು ಕಿತ್ತುಹಾಕಬೇಡ. ಗಡಸು ನೀರಿಗೆ ಸುರುಳಿಯ ಮೇಲೆ ಸುಣ್ಣ ಕಟ್ಟುತ್ತದೆ. ಪಕ್ಕದ ಯಂತ್ರ ಸ್ಟೀಮ್ ಎಳೆದರೆ ಒತ್ತಡ ಕುಸಿಯುತ್ತದೆ. ವಾಲ್ವ್ ಅಷ್ಟೇ ತೆರೆದಿದ್ದರೂ ಕಾವು ಅಷ್ಟೇ ಸಿಗದು. ಆದ್ದರಿಂದ ನಿನ್ನ ಲೆಕ್ಕ ವಾಲ್ವಿಗೆ ಅಲ್ಲ, ಸ್ಟೀಮಿನ ಹರಿವಿಗೆ ಆಜ್ಞೆ ಕೊಡಲಿ. ಉಳಿದ ಒಂದೆರಡು ಡಿಗ್ರಿಯ ಕೊರತೆಯನ್ನು ಫೀಡ್‌ಬ್ಯಾಕ್ ನಿಧಾನವಾಗಿ ತುಂಬಲಿ. ಎರಡೂ ಒಟ್ಟಿಗಿದ್ದಾಗಲೇ ನನಗೆ ರಾತ್ರಿ ನಿದ್ದೆ ಬಂದದ್ದು.

ರಜೆ ಸಿಕ್ಕಾಗ ಅಹಮದಾಬಾದಿಗೆ ಹೋಗಿ ಅಟೀರಾ ನೋಡು. ವಿಕ್ರಮ್ ಸಾರಾಭಾಯಿ ಗಿರಣಿಗಳಿಗಾಗಿ ಆ ಸಂಶೋಧನಾ ಸಂಸ್ಥೆ ಕಟ್ಟಿದ್ದು 1947ರಲ್ಲಿ, ರಾಕೆಟ್ಟಿನ ಕೆಲಸಕ್ಕೆ ಎಷ್ಟೋ ಮೊದಲು. ಬಣ್ಣದ ಮನೆಯ ಕೆಲಸ ಸಣ್ಣದೆಂದು ಯಾರಾದರೂ ಅಂದರೆ ಇದನ್ನು ನೆನೆ.

ಮೊದಲ ದಿನ ಪರದೆಯ ಮುಂದೆ ಕೂರಬೇಡ. ತಣ್ಣೀರಿನ ಪೈಪಿಗೆ ಅಂಗೈ ಇಟ್ಟು ನೋಡು. ಆಮೇಲೆ ಅದರ ಕೆಳಗೆ 200 ಲೀಟರಿನ ಡ್ರಮ್ಮು ಇಟ್ಟು, ಗಡಿಯಾರ ಹಿಡಿದು ನಿಲ್ಲು. ಮೀಟರು 100 ತೋರಿಸುತ್ತಿದ್ದರೆ ಡ್ರಮ್ಮು ಎರಡು ನಿಮಿಷಕ್ಕೆ ತುಂಬಬೇಕು. ತುಂಬದಿದ್ದರೆ ಮೊದಲು ಮೀಟರು ಸರಿಮಾಡಿಸು; ಲೆಕ್ಕ ಆಮೇಲೆ.