ಪತ್ರಿಕೆ ನೋಡಿ ಕುಟ್ಟಿದ ಪ್ರೋಗ್ರಾಂ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಬಂದ ನಾವು ನಾಲ್ವರು ಮೊದಲ ಸೆಮಿಸ್ಟರ್ ಸೇರಿದಾಗ ಯಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ಸಿ ಪ್ರೋಗ್ರಾಂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಲ್ಯಾಬಿನಲ್ಲಿ ನೋಡಿ ನೋಡಿ ಕುಟ್ಟುತ್ತಿದ್ದೆವು. ಒಂದು ಸೆಮಿಕೋಲನ್ ಬಿಟ್ಟರೆ ಇಡೀ ಲ್ಯಾಬ್ ಹೋತು ಅಂತಲೇ ಲೆಕ್ಕ! ಲ್ಯಾಪ್‌ಟಾಪ್ ಇದ್ದವರ ಎದುರು ನಾಚಿಕೆಯಾಗುತ್ತಿತ್ತು. ಮನೆ ಕಂಪ್ಯೂಟರಿನ ಮೊದಲ ಪೀಳಿಗೆ ಕಲಿತದ್ದೂ ಹೀಗೇ ಅಂತ ಆಮೇಲೆ ಗೊತ್ತಾಯಿತು.

1975ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಮುಖಪುಟದಲ್ಲಿ ಆಲ್ಟೇರ್ 8800 ಬಂತು. ಕಿಟ್‌ಗೆ 397 ಡಾಲರ್. ಕೀಬೋರ್ಡ್ ಇಲ್ಲ, ಪರದೆ ಇಲ್ಲ, ಮೆಮೊರಿ 256 ಬೈಟ್. ಆ ಸಂಚಿಕೆ ನೋಡಿಯೇ ಬಿಲ್ ಗೇಟ್ಸ್, ಪಾಲ್ ಆಲನ್ ಅದಕ್ಕೆ ಬೇಸಿಕ್ ಬರೆದರು. ಮುಂದೆ ಹವ್ಯಾಸಿ ಪತ್ರಿಕೆಗಳು ಪ್ರೋಗ್ರಾಂಗಳನ್ನು ಪುಟಗಟ್ಟಲೆ ಅಚ್ಚು ಹಾಕಿದವು. ಓದುಗರು ಸಾಲು ಸಾಲಾಗಿ ಟೈಪ್ ಮಾಡಬೇಕು. ನಮ್ಮಲ್ಲಿ 'ಎಲೆಕ್ಟ್ರಾನಿಕ್ಸ್ ಫಾರ್ ಯು' 1969ರಿಂದಲೇ ಇತ್ತು, ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂದದ್ದು 1984ರ ಕ್ಲಾಸ್ ಯೋಜನೆಯಲ್ಲಿ.

ಟೈಪ್ ಮಾಡಿದ್ದು ಸರಿಯೋ ತಪ್ಪೋ ತಿಳಿಯುವುದು ಹೆಂಗೆ? 1983ರಲ್ಲಿ 'ಕಂಪ್ಯೂಟ್!' ಬಳಗದ ಪತ್ರಿಕೆ ಇದಕ್ಕೊಂದು ಪುಟ್ಟ ಪ್ರೋಗ್ರಾಂ ಕೊಟ್ಟಿತು. ಪ್ರತಿ ಸಾಲಿಗೂ ಒಂದು ಚೆಕ್‌ಸಮ್. ಅಚ್ಚಾದ ಸಂಖ್ಯೆಗೆ ಪರದೆಯ ಸಂಖ್ಯೆ ಕೂಡಿದರೆ ಮುಂದಿನ ಸಾಲು.

ಇದನ್ನು ಕೈಯಲ್ಲೇ ಮಾಡಿ ನೋಡ್ರಿ. ಬೇಸಿಕ್‌ನ 'ಪ್ರಿಂಟ್' ಪದದ ಐದು ಇಂಗ್ಲಿಷ್ ಅಕ್ಷರಗಳ ಆಸ್ಕಿ ಸಂಖ್ಯೆ 80, 82, 73, 78, 84. ಮೊತ್ತ 397 (ಆಲ್ಟೇರ್ ಬೆಲೆಯೇ, ಕಾಕತಾಳೀಯ). ಒಂದು ಬೈಟಿಗೆ ಹಿಡಿಸಲು 256ರಿಂದ ಭಾಗಿಸಿದರೆ ಶೇಷ 141. 'ಎನ್' ಬದಲು 'ಎಂ' ಹೊಡೆದರೆ 140. ಸಿಕ್ಕಿಬಿತ್ತು!

ಆದರೆ ಎರಡು, ಮೂರನೇ ಅಕ್ಷರ ಅದಲುಬದಲಾದರೆ? ಮೊತ್ತ ಮತ್ತೆ 397. ನಾವು ಅವಸರದಲ್ಲಿ ಅತಿ ಹೆಚ್ಚು ಮಾಡುವ ತಪ್ಪೇ ಇದು. ಎಪಿಎಂಸಿಯಲ್ಲಿ ಎರಡು ಭತ್ತದ ಚೀಲ ಅದಲಾದರೂ ಒಟ್ಟು ತೂಕ ಸರಿಯೇ ಬರುತ್ತದಲ್ಲ, ಹಂಗೆ. ಅದಕ್ಕೆ ಪ್ರತಿ ಸಂಖ್ಯೆಯನ್ನು ಅದರ ಸ್ಥಾನದಿಂದ ಗುಣಿಸಿ ಕೂಡಬೇಕು: 80×1, 82×2, 73×3, ಹೀಗೆ. ಸರಿಯಾದ ಪದಕ್ಕೆ 1195, ಶೇಷ 171. ಅದಲಾದದ್ದಕ್ಕೆ 1204, ಶೇಷ 180.

ಈಗ ಕನ್ನಡಕ್ಕೆ ಬರೋಣ. ಯುನಿಕೋಡ್‌ನಲ್ಲಿ ನಮ್ಮ 'ಕ' 3221, ತಮಿಳಿನ 'ಕ' 2965. ಎರಡನ್ನೂ 256ರಿಂದ ಭಾಗಿಸಿ ನೋಡ್ರಿ: ಶೇಷ 149, 149! ಸ್ಥಾನದಿಂದ ಗುಣಿಸಿದರೂ ಈ ತಪ್ಪು ಸಿಗುವುದಿಲ್ಲ. ಯಾಕೆ, ಮತ್ತೆ 256ರ ಬದಲು ಯಾವ ಸಂಖ್ಯೆ ಹಿಡಿದರೆ ಸಿಕ್ಕೀತು? ಉತ್ತರ ಸಿಕ್ಕವರು ಕನ್ನಡ ಸಂಘದ ಬೋರ್ಡಿನ ಮೇಲೆ ಬರೆಯಿರಿ, ಕೈಬರಹದಲ್ಲೇ.