ಚಳಿಗಾಲದಲ್ಲಿ ತೇವ ಹಿಡಿದ ಮಲ್ಲಿಗೆ ತೋಟ

ಚಿತ್ತಾ, ಸ್ವಾತಿ ಮಳೆಗಳು ಜೋರಾಗಿ ಸುರಿದ ವರ್ಷ ಎರೆಭೂಮಿಯ ದುಂಡುಮಲ್ಲಿಗೆ ತೋಟಗಳಲ್ಲಿ ನವೆಂಬರ್ ಹೊತ್ತಿಗೆ ಕೆಲವು ಗಿಡಗಳು ಬಾಡತೊಡಗುತ್ತವೆ. ಇದಕ್ಕೆ ಚಳಿಯೇ ಕಾರಣವೆಂದು ಕೆಲವರು, ನೀರು ಸಾಲದೆಂದು ಹಲವರು ತಿಳಿಯುತ್ತಾರೆ. ಹೀಗೆ ತಿಳಿದು ಮತ್ತೆ ನೀರು ಹಾಯಿಸಿದರೆ ಉಳಿಯಬಹುದಾಗಿದ್ದ ಗಿಡವೂ ಸಾಯುತ್ತದೆ.

ನಮ್ಮ ಬಯಲುಸೀಮೆಯ ಚಳಿ ಮಲ್ಲಿಗೆಯನ್ನು ಕೊಲ್ಲುವಷ್ಟು ಕಠಿಣವಲ್ಲ. ಆದರೆ ಆ ಕಾಲದಲ್ಲಿ ಗಿಡ ಕಡಿಮೆ ನೀರು ಹೀರುತ್ತದೆ, ಮಣ್ಣೂ ಬೇಗ ಆರುವುದಿಲ್ಲ. ಮಣ್ಣಿನ ಸಂದುಗಳಲ್ಲಿ ನೀರು ನಿಂತು, ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡ ನೀರಿನ ನಡುವೆ ನಿಂತೇ ಬಾಡುತ್ತದೆ.

ಆದ್ದರಿಂದ ನೀರು ಕೊಡುವ ಮೊದಲು ಗಿಡದಿಂದ ಒಂದು ಅಡಿ ದೂರದಲ್ಲಿ ಅಷ್ಟೇ ಆಳ ಅಗೆದು, ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿರಿ. ಉಂಡೆಯಾಗಿ ಕೈಗೆ ಅಂಟಿದರೆ ನೀರು ಬೇಡ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ಕೆಸರಿರುವುದು ಎರೆಭೂಮಿಯ ಸ್ವಭಾವ.

ಮೊದಲು ಆಗಬೇಕಾದ ಕೆಲಸ ಬಸಿಗಾಲುವೆ. ಕೆಲವು ಸಾಲುಗಳಿಗೆ ಒಂದರಂತೆ, ಸಾಲುಗಳ ನಟ್ಟನಡುವೆ, ಇಳಿಜಾರಿನ ಕಡೆಗೆ ಒಂದೂವರೆ ಅಡಿ ಅಗಲ, ಎರಡು ಅಡಿ ಆಳ ತೋಡಬೇಕು. ನೀರು ಹೊರಹೋಗಲು ದಾರಿ ಇರಲೇಬೇಕು. ಇಲ್ಲದಿದ್ದರೆ ಅದು ಕಾಲುವೆಯಲ್ಲ, ಹೊಂಡ. ಬುಡದ ಪಾತಿಗಳನ್ನು ಒಡೆದು ಸುತ್ತ ನೀರು ನಿಲ್ಲದಂತೆ ಮಾಡಿರಿ, ಆದರೆ ಹಸಿ ಮಣ್ಣನ್ನು ಕಾಂಡಕ್ಕೆ ಒತ್ತಿ ಏರಿಸಬೇಡಿರಿ. ಕೂಲಿ ದುಬಾರಿ ಎನಿಸಬಹುದು. ಸತ್ತ ಗಿಡದ ಜಾಗದಲ್ಲಿ ನೆಟ್ಟ ಸಸಿ ಪೂರ್ಣ ಇಳುವರಿಗೆ ಬರಲು ಎರಡು-ಮೂರು ವರ್ಷ ಬೇಕೆಂಬುದನ್ನೂ ಲೆಕ್ಕ ಹಾಕಿರಿ.

ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ನೀರು ಬಸಿದ ಮೇಲೆ, ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ಎಲೆಗಳಿಗೆ ಸಿಂಪಡಿಸಬಹುದು.

ಬುಡದಲ್ಲಿ ಬಿಳಿ ಎಳೆಗಳೂ ಸಾಸಿವೆಯಂಥ ಕಂದು ಕಾಳುಗಳೂ ಕಂಡರೆ ಅದು ಬುಡಕೊಳೆ ರೋಗ. ಅಂಥ ಗಿಡವನ್ನು ಬುಡದ ಮಣ್ಣಿನ ಸಮೇತ ತೆಗೆದು, ಗಿಡವನ್ನು ಸುಟ್ಟುಬಿಡಿರಿ. ಮಣ್ಣನ್ನು ತೋಟದಿಂದ ಹೊರಗೆ ಹಾಕಿರಿ. ಬಸಿಗಾಲುವೆಗೆ ಎಸೆದರೆ ರೋಗ ನೀರಿನೊಡನೆ ಸಾಲೆಲ್ಲ ಹರಡುತ್ತದೆ. ಉಳಿದ ಗಿಡಗಳ ರಕ್ಷಣೆಗೆ 1 ಕೆ.ಜಿ. ಟ್ರೈಕೋಡರ್ಮಾ ಪುಡಿಯನ್ನು 100 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ತೇವವಾಗಿಟ್ಟು, 15 ದಿನಗಳ ನಂತರ ಬುಡಗಳಿಗೆ ಕೊಡಿರಿ.

ಸವರುವ ಕೆಲಸವನ್ನು ನವೆಂಬರ್ ಕೊನೆಯ ವಾರದಲ್ಲಿ, ನೆಲದಿಂದ ಸುಮಾರು ಒಂದೂವರೆ ಅಡಿ ಬಿಟ್ಟು ಮಾಡಬಹುದು. ಮಣ್ಣು ಇನ್ನೂ ಕೆಸರಾಗಿದ್ದರೆ ಕೆಲವು ದಿನ ತಡೆಯಿರಿ. ಗಿಡದ ಸುತ್ತ ತುಳಿದಾಡಿದರೆ ಮಣ್ಣು ಗಟ್ಟಿಯಾಗಿ ಬಸಿಯುವಿಕೆ ಮತ್ತಷ್ಟು ಕೆಡುತ್ತದೆ. ರಾಸಾಯನಿಕ ಗೊಬ್ಬರವನ್ನು ಹೊಸ ಚಿಗುರು ಕಂಡ ಮೇಲೆಯೇ ಕೊಡಿರಿ.